ಮೂಗಿನ ಉಸಿರಿಗೆ ಅಳತೆ

ಮೂಗು ಇರುವ ತನಕ ನೆಗಡಿ ತಪ್ಪದು ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ನೆಗಡಿಯೇನೋ ಬಂದಂತೆಯೇ ಎಂಟು ದಿನಗಳಲ್ಲಿ ಹೋಗುತ್ತದೆ. ಆದರೆ ವರ್ಷಗಟ್ಟಲೆ ಒಂದು ಹೊಳ್ಳೆ ಕಟ್ಟಿಕೊಂಡೇ ಇರುವವರು, ರಾತ್ರಿ ಬಾಯಿ ತೆರೆದು ಮಲಗುವವರು, ಬೆಳಗ್ಗೆ ಒಣಗಿದ ಗಂಟಲಿನಿಂದ ಏಳುವವರು ನಿಮ್ಮ ತರಗತಿಯಲ್ಲಿಯೇ ಇಬ್ಬರು ಮೂವರು ಸಿಕ್ಕಾರು. ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ಹಾರುವ ನವಿರು, ರಾಮದುರ್ಗದ ಮಗ್ಗಗಳ ಸುತ್ತ ತೇಲುವ ನೂಲಿನ ಧೂಳು, ಸವದತ್ತಿ ಸೀಮೆಯ ಎರೆಹೊಲದಲ್ಲಿ ಜೋಳದ ರಾಶಿ ಮಾಡುವಾಗ ಏಳುವ ಹೊಟ್ಟು, ಕಿತ್ತೂರಿನ ಮಳೆಗಾಲದ ತಂಡಿ ಇವೆಲ್ಲ ಮೂಗಿನ ಒಳಪೊರೆಯನ್ನು ಕೆಣಕುವ ಸಂಗತಿಗಳೇ. ಇದರಿಂದ ಊದಿಕೊಂಡ ಪೊರೆ ಔಷಧದಿಂದ ಇಳಿಯುತ್ತದೆ. ಕೆಲವರಿಗೆ ಮಾತ್ರ ಅಷ್ಟರಿಂದ ಮುಗಿಯುವುದಿಲ್ಲ. ಅವರ ಎರಡು ಹೊಳ್ಳೆಗಳ ನಡುವಿನ ಗೋಡೆಯೇ ಒಂದು ಕಡೆಗೆ ವಾಲಿರುತ್ತದೆ. ಹುಟ್ಟಿನಿಂದಲೇ ವಾಲಿರಬಹುದು, ಕಬಡ್ಡಿ ಆಡುವಾಗ ಬಿದ್ದ ಪೆಟ್ಟಿನಿಂದಲೂ ಇರಬಹುದು. ಇಂಥವರಿಗೆ ವೈದ್ಯರು ಶಸ್ತ್ರಕ್ರಿಯೆಯ ಮಾತನ್ನು ಎತ್ತುತ್ತಾರೆ.

ಆಗ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಮಾಡಿಸಿಕೊಂಡ ಮೇಲೆ ಹೊಸ ಜನ್ಮ ಬಂದಂತಾಯಿತು ಎಂದು ಒಬ್ಬರು ಹೇಳಿದರೆ, ದುಡ್ಡು ಹೋಯಿತು, ಮೂಗು ಮೊದಲಿನಂತೆಯೇ ಇದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರೂ ಸುಳ್ಳಾಡುವವರಲ್ಲ. ಹಾಗಾದರೆ ಮೂಗಿನ ಶಸ್ತ್ರಕ್ರಿಯೆ ಫಲಿಸಿತೋ ಇಲ್ಲವೋ ಎಂಬುದನ್ನು ನಿರ್ಧರಿಸುವವರು ಯಾರು? ನೋಡುವವರ ಕಣ್ಣೆ? ಗಾಳಿಯನ್ನು ಅಳೆಯುವ ಯಂತ್ರವೆ? ಉಸಿರಾಡುವವನ ಮಾತೆ? ವೈದ್ಯಶಾಸ್ತ್ರ ಈ ಮೂರನ್ನೂ ಒಂದಾದ ಮೇಲೊಂದರಂತೆ ನಂಬಿದೆ. ಆ ನಂಬಿಕೆಗಳ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಿಮ್ಮ ಊರುಗಳಿಗೆ ಬಹಳ ದೂರದಲ್ಲೇನೂ ಅಲ್ಲ.

ಎಲೆಯ ಅಳತೆ

ಮೂಗನ್ನು ಮರಳಿ ಕಟ್ಟುವ ವಿದ್ಯೆಯ ಮಾತು ಬಂದಾಗ ಸುಶ್ರುತನ ಹೆಸರು ಬರಲೇಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಕತ್ತರಿಸಿಹೋದ ಮೂಗನ್ನು ಕೂಡಿಸುವ ಕ್ರಮವಿದೆ. ಮೊದಲು ಒಂದು ಗಿಡದ ಎಲೆಯನ್ನು ಕಳೆದುಹೋದ ಮೂಗಿನ ಅಳತೆಗೆ ಕತ್ತರಿಸಿಕೊಳ್ಳಬೇಕು. ಆ ಅಳತೆಯ ಚರ್ಮವನ್ನು ಕೆನ್ನೆಯಿಂದ ಬಿಡಿಸಿ, ಒಂದು ಕಡೆ ಅಂಟಿಕೊಂಡಿರುವಂತೆಯೇ ಉಳಿಸಿ, ಮೂಗಿನ ಮೊಂಡಿನ ಮೇಲೆ ಕೂರಿಸಬೇಕು. ಆಮೇಲೆ ಎರಡು ನಳಿಗೆಗಳನ್ನು ಇಟ್ಟು ಎತ್ತರಿಸಬೇಕು. ಗಾಯದ ಮೇಲೆ ಬೆಳ್ಳನೆಯ ಹತ್ತಿ ಹೊದಿಸಿ ಎಳ್ಳೆಣ್ಣೆ ತೊಟ್ಟಿಕ್ಕಿಸುತ್ತಿರಬೇಕು.

ಈ ವಿವರಣೆಯಲ್ಲಿ ಎಲ್ಲರೂ ಮೆಚ್ಚುವುದು ಎಲೆಯನ್ನು, ಚರ್ಮವನ್ನು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಆ ಎರಡು ನಳಿಗೆಗಳು. ಮುಖಕ್ಕೆ ಒಂದು ಆಕಾರ ಬಂದರೆ ಸಾಕು ಎಂದಿದ್ದರೆ ನಳಿಗೆಯ ಗೊಡವೆ ಅಷ್ಟಾಗಿ ಬೇಕಿರಲಿಲ್ಲ. ಮೂಗು ಎಂದರೆ ದಾರಿ, ದಾರಿ ಮುಚ್ಚಬಾರದು ಎಂಬ ತಿಳಿವಳಿಕೆ ಅಲ್ಲಿದೆ. ಆದರೆ ಆ ದಾರಿಯಲ್ಲಿ ಎಷ್ಟು ಗಾಳಿ ಸಾಗುತ್ತದೆ ಎಂಬುದಕ್ಕೆ ಅಳತೆ ಇರಲಿಲ್ಲ. ಎಲೆ ಅಳೆದದ್ದು ಚರ್ಮವನ್ನು ಮಾತ್ರ.

ಕಾವಸಜಿಯ ಮೂಗು

ಇನ್ನು ನಮ್ಮ ಸೀಮೆಯ ಕಡೆಗೆ ಬರೋಣ. 18ನೆಯ ಶತಮಾನದ ಕೊನೆಯಲ್ಲಿ ಮಲಪ್ರಭೆಯ ಎರಡೂ ದಂಡೆಗಳು ಪುಣೆಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಜಗ್ಗಾಟದ ನೆಲವಾಗಿದ್ದವು. 1785ರಲ್ಲಿ ಟಿಪ್ಪೂ ಸುಲ್ತಾನನ ಸೈನ್ಯ ನರಗುಂದವನ್ನೂ ಕಿತ್ತೂರನ್ನೂ ವಶಪಡಿಸಿಕೊಂಡಿತು. 1790ರಲ್ಲಿ ಮೂರನೆಯ ಮೈಸೂರು ಯುದ್ಧ ಆರಂಭವಾದಾಗ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು ಧಾರವಾಡಕ್ಕೆ ಮುತ್ತಿಗೆ ಹಾಕಿತು. ಅದರ ಜೊತೆಗೆ ಕ್ಯಾಪ್ಟನ್ ಲಿಟ್ಲ್ ಎಂಬವನ ಕೈಕೆಳಗೆ ಇಂಗ್ಲಿಷರ ಮುಂಬಯಿ ಸೈನ್ಯದ ಒಂದು ತುಕಡಿಯೂ ಇತ್ತು. ಕೋಟೆ 1791ರ ಏಪ್ರಿಲ್‌ನಲ್ಲಿ ಕೈವಶವಾಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಯುದ್ಧ ಮುಗಿಯಿತು.

ಅಂದಿನ ದಂಡುಗಳು ನಡೆಯುತ್ತಿದ್ದುದು ಎತ್ತಿನ ಬೆನ್ನ ಮೇಲೆ. ಅಕ್ಕಿ, ಮದ್ದು, ಗುಂಡು, ಡೇರೆ ಎಲ್ಲವನ್ನೂ ಹೊತ್ತವು ಎತ್ತುಗಳೇ. ಎತ್ತು ಹೊಡೆಯುವವರಿಲ್ಲದೆ ದಂಡಿಲ್ಲ. ಇಂಗ್ಲಿಷರ ದಂಡಿನಲ್ಲಿ ಹಾಗೆ ಎತ್ತು ಹೊಡೆಯುತ್ತಿದ್ದ ಒಬ್ಬ ಮರಾಠಾ ಒಕ್ಕಲಿಗನ ಹೆಸರು ಕಾವಸಜಿ. 1792ರ ಯುದ್ಧದಲ್ಲಿ ಅವನು ಟಿಪ್ಪೂವಿನ ಕಡೆಯವರ ಕೈಗೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಪತ್ರಿಕೆ 1794ರ ಅಕ್ಟೋಬರ್‌ನಲ್ಲಿ ಅಚ್ಚಾದ ಒಂದು ಪತ್ರದಲ್ಲಿ ತಿಳಿಸುತ್ತದೆ. ಇದು ಟಿಪ್ಪೂವಿನ ವೈರಿಗಳ ಲೇಖನಿಯಿಂದ ಬಂದದ್ದು ಎಂಬುದನ್ನು ಓದುವವರು ನೆನಪಿಡಬೇಕು. ಮೂಗು ಕೊಯ್ಯುವುದು ಒಬ್ಬ ಅರಸನ ಕಂಡುಹಿಡಿತವೂ ಆಗಿರಲಿಲ್ಲ. ಅದಕ್ಕೂ ಮೊದಲೇ, 17ನೆಯ ಶತಮಾನದ ಮಧ್ಯದಲ್ಲಿ, ಮೈಸೂರಿಗೂ ಮಧುರೆಗೂ ನಡೆದ ಯುದ್ಧದಲ್ಲಿ ಎರಡೂ ಕಡೆಯವರು ಮೂಗುಗಳನ್ನು ಕೊಯ್ದಿದ್ದರು. ಕೊಂದರೆ ಒಬ್ಬ ಸಾಯುತ್ತಾನೆ, ಮೂಗು ಕೊಯ್ದರೆ ಅವನು ನಡೆದಲ್ಲೆಲ್ಲ ಸೋಲು ನಡೆಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಒಂದು ವರ್ಷಕ್ಕೂ ಮೇಲ್ಪಟ್ಟು ಕಾವಸಜಿ ಮೂಗಿಲ್ಲದೆಯೇ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಂಗಿ ಮಾಡುವ ಜಾತಿಯ ಒಬ್ಬ ಕುಶಲಿ ಅವನಿಗೆ ಹೊಸ ಮೂಗು ಕಟ್ಟಿದ. ಈ ಕುಶಲಿಯ ಹೆಸರನ್ನು ಪತ್ರಿಕೆ ಬರೆಯಲಿಲ್ಲ. ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡ ಇಂಗ್ಲಿಷ್ ವೈದ್ಯರಲ್ಲಿ ಒಬ್ಬನಾದ ಥಾಮಸ್ ಕ್ರೂಸೋ ಎಂಬವನ ಹೆಸರು ಮಾತ್ರ ಅದರಲ್ಲಿದೆ. ನೋಡಿದವನ ಹೆಸರು ಉಳಿಯಿತು, ಮಾಡಿದವನ ಹೆಸರು ಅಳಿಯಿತು!

ಅವನು ಮಾಡಿದ್ದು ಹೀಗೆ. ಮೇಣವನ್ನು ತೆಳ್ಳಗೆ ತಟ್ಟಿ, ಮೂಗಿನ ಮೊಂಡಿನ ಮೇಲೆ ಮೂಗಿನಾಕಾರಕ್ಕೆ ಕೂರಿಸಿದ. ಆ ಮೇಣವನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ. ಆದರೆ ಎರಡು ಕಣ್ಣುಗಳ ನಡುವೆ ಸಣ್ಣದೊಂದು ಪಟ್ಟಿಯನ್ನು ಕತ್ತರಿಸದೆ ಹಾಗೆಯೇ ಉಳಿಸಿದ. ಹೊಸ ಜಾಗದಲ್ಲಿ ಚರ್ಮ ಬೇರೂರುವ ತನಕ ರಕ್ತ ಹರಿಯಬೇಕಾದದ್ದು ಈ ಪಟ್ಟಿಯ ಮೂಲಕ. ನಂತರ ಚರ್ಮವನ್ನು ತಿರುವಿ ಕೆಳಗಿಳಿಸಿ, ಅಂಚು ಕೆತ್ತಿ ಹಸಿ ಮಾಡಿದ ಮೊಂಡಿಗೆ ಸೇರಿಸಿದ. ನೀರಿನಲ್ಲಿ ನೆನೆದ ಕಾಚನ್ನು, ಎಲೆ ಅಡಿಕೆಗೆ ಹಾಕುವ ಕಾಚೇ ಅದು, ಬಟ್ಟೆಯ ಚೂರುಗಳಿಗೆ ಸವರಿ ಮೇಲೆ ಅಂಟಿಸಿದ. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ.

ಇದರಲ್ಲಿ ಒಂದು ವಿವರವನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಹತ್ತನೆಯ ದಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ಇಡುತ್ತಿದ್ದರು, ಅವು ತೆರೆದೇ ಇರಲೆಂದು. ಸುಶ್ರುತನ ನಳಿಗೆಗಳ ಕೆಲಸವನ್ನೇ ಈ ಬಟ್ಟೆ ಮಾಡುತ್ತಿತ್ತು.

ಕಾವಸಜಿಯ ಭಾವಚಿತ್ರವನ್ನು ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಬರೆದ. ಆ ಚಿತ್ರವೂ ಪತ್ರವೂ ಸೇರಿ ಯೂರೋಪಿನ ವೈದ್ಯರನ್ನು ಬೆರಗುಗೊಳಿಸಿದವು. 20 ವರ್ಷಗಳ ನಂತರ, 1814ರಲ್ಲಿ, ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಇದೇ ಕ್ರಮದಲ್ಲಿ ಒಬ್ಬ ಸೇನಾಧಿಕಾರಿಗೆ ಮೂಗು ಕಟ್ಟಿದ. 1816ರಲ್ಲಿ ತನ್ನ ಎರಡು ಶಸ್ತ್ರಕ್ರಿಯೆಗಳ ಬಗ್ಗೆ ಪುಸ್ತಕ ಬರೆದ. ಮೊದಲ ರೋಗಿಯ ಪಟ್ಟಿ ಬಿಚ್ಚಿದಾಗ, ಅಲ್ಲಿದ್ದವರೊಬ್ಬರು ನಿಜವಾಗಿಯೂ ಮೂಗು ಬಂದಿದೆಯೆಂದು ಅಚ್ಚರಿಯಿಂದ ಕೂಗಿದರಂತೆ. ಅಂದಿನ ಪರೀಕ್ಷೆ ಅಷ್ಟೆ. ಮೂಗು ಕಂಡರೆ ಗೆದ್ದಂತೆ.

ಕಂಡ ಮೂಗು ವರ್ಷ ಕಳೆದ ಮೇಲೆ ಏನಾಗುತ್ತಿತ್ತು? ಹಣೆಯ ಚರ್ಮಕ್ಕೆ ಒಳಗಡೆ ಪೊರೆ ಇರುವುದಿಲ್ಲ. ಹಸಿ ಮೈ ಮಾಯುತ್ತ ಸಂಕುಚಿತವಾಗುತ್ತದೆ, ಹೊಳ್ಳೆಗಳು ಕಿರಿದಾಗುತ್ತವೆ. ಹೊರಗಿನಿಂದ ಮೂಗು, ಒಳಗಿನಿಂದ ಗೂಟ ಹೊಡೆದ ಕಿಂಡಿ. ಇದನ್ನು ಸರಿಯಾಗಿ ಗಮನಿಸಿದವರು ಭಾರತದಲ್ಲಿಯೇ ಇದ್ದ ವೈದ್ಯರು. ಜುನಾಗಢದ ತ್ರಿಭುವನದಾಸ ಮೋತಿಚಂದ ಶಾಹ 1889ರಲ್ಲಿ ತಾವು ಕಟ್ಟಿದ 100 ಮೂಗುಗಳ ಬಗ್ಗೆ ಪುಸ್ತಕವನ್ನೇ ಬರೆದರು. ಇಂದೋರಿನಲ್ಲಿದ್ದ ಕೀಗನ್ ಎಂಬ ವೈದ್ಯ ಮೊಂಡಿನ ಬಳಿಯ ಚರ್ಮವನ್ನೇ ಒಳಮುಖವಾಗಿ ಮಡಚಿ ಹೊಸ ಮೂಗಿಗೆ ಒಳಪದರ ಕೊಡುವ ಉಪಾಯವನ್ನು ಬಳಸಿದ. ಕುಪ್ಪಸಕ್ಕೆ ಅಸ್ತರಿ ಹಾಕುವಂತೆ ಎಂದುಕೊಳ್ಳಿ. ಇದು ಅಂದಕ್ಕಾಗಿ ಮಾಡಿದ ಕೆಲಸವಲ್ಲ, ಉಸಿರಿಗಾಗಿ ಮಾಡಿದ್ದು. ಆದರೂ ಉಸಿರು ಎಷ್ಟು ಎಂಬ ಪ್ರಶ್ನೆ ಬಂದರೆ ರೋಗಿಯನ್ನು ಕೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ತಟ್ಟೆಯ ಮೇಲಿನ ಮಂಜು

1884ರಲ್ಲಿ ಕೋಕೇನಿನ ಜೋಮು ಹಿಡಿಸುವ ಗುಣ ಬಳಕೆಗೆ ಬಂದದ್ದು ಮೂಗಿನ ಒಳಗಿನ ಶಸ್ತ್ರಕ್ರಿಯೆಗೆ ಬಾಗಿಲು ತೆರೆಯಿತು. ಶಿಕಾಗೋದ ಫ್ರೀರ್ 1902ರಲ್ಲಿ, ಜರ್ಮನಿಯ ಕಿಲಿಯನ್ 1904ರಲ್ಲಿ, ವಾಲಿದ ನಡುಗೋಡೆಯನ್ನು ಅದರ ಎರಡೂ ಮಗ್ಗುಲಿನ ಪೊರೆಗೆ ಧಕ್ಕೆಯಾಗದಂತೆ ಒಳಗಿನಿಂದ ತೆಗೆಯುವ ವಿಧಾನಗಳನ್ನು ಪ್ರಕಟಿಸಿದರು. ಈಗ ಸಮಸ್ಯೆ ಬೇರೆಯಾಯಿತು. ಕಾವಸಜಿಯ ಮೂಗು ಬಂದಿದೆಯೋ ಇಲ್ಲವೋ ಎಂಬುದನ್ನು ಸಂತೆಯಲ್ಲಿ ಹೋಗುವವನೂ ಹೇಳಬಲ್ಲ. ನಡುಗೋಡೆ ನೆಟ್ಟಗಾದದ್ದು ಹೊರಗಿನವರಿಗೆ ಕಾಣದು. ಕಣ್ಣು ಸೋತಲ್ಲಿ ಅಳತೆ ಬೇಕಾಯಿತು.

ಮೊದಲ ಅಳತೆಗೋಲು ತೀರ ಸರಳ. ಅದನ್ನು ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ತಂಪಾದ ಸ್ಟೀಲ್ ತಾಟನ್ನೋ ಕನ್ನಡಿಯನ್ನೋ ಮೇಲ್ತುಟಿಯ ಮೇಲೆ ಅಡ್ಡಲಾಗಿ ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಉಸಿರು ಬಿಡಿ. ಎರಡು ಮಂಜಿನ ಕಲೆಗಳು ಮೂಡುತ್ತವೆ. ಉಸಿರಿನ ಹಬೆ ತಂಪು ಲೋಹಕ್ಕೆ ತಾಗಿ ಹನಿಗಟ್ಟಿದ್ದು ಅದು. ಯಾವ ಹೊಳ್ಳೆಯ ಕಲೆ ದೊಡ್ಡದೋ ಅದು ಹೆಚ್ಚು ತೆರೆದಿದೆ ಎಂದರ್ಥ. ಹಾಲೆಂಡಿನ ಜ್ವಾರ್ಡೆಮೇಕರ್ 19ನೆಯ ಶತಮಾನದ ಕೊನೆಯಲ್ಲಿ ಇದನ್ನು ವೈದ್ಯಪರೀಕ್ಷೆಯಾಗಿ ಮಾಡಿದ. 1901ರಲ್ಲಿ ಗ್ಲಾಟ್ಜೆಲ್ ಎಂಬವನು ಲೋಹದ ಫಲಕದ ಮೇಲೆ ಗೆರೆಗಳನ್ನು ಕೊರೆದು ಕಲೆಯ ವಿಸ್ತಾರವನ್ನು ಓದುವಂತೆ ಮಾಡಿದ.

ಇದೇ ಪ್ರಯೋಗವನ್ನು ನಾಲ್ಕು ಗಂಟೆ ಬಿಟ್ಟು ಮತ್ತೆ ಮಾಡಿ. ಈಗ ದೊಡ್ಡ ಕಲೆ ಇನ್ನೊಂದು ಬದಿಗೆ ಬಂದಿರಬಹುದು. ಗಾಬರಿ ಬೇಡ. ಮೂಗಿನೊಳಗಿನ ಸುರುಳಿ ಎಲುಬುಗಳ ಮೇಲಿರುವ ಪೊರೆ ರಕ್ತದಿಂದ ಉಬ್ಬುತ್ತದೆ, ಇಳಿಯುತ್ತದೆ. ಒಂದು ಬದಿ ಉಬ್ಬಿದಾಗ ಇನ್ನೊಂದು ಬದಿ ಇಳಿದಿರುತ್ತದೆ. ಹೆಚ್ಚಿನವರಲ್ಲಿ ಕೆಲವು ಗಂಟೆಗಳಿಗೊಮ್ಮೆ ಸರದಿ ಬದಲಾಗುತ್ತದೆ. ಜರ್ಮನ್ ವೈದ್ಯ ರಿಚರ್ಡ್ ಕೈಸರ್ ಇದನ್ನು 1895ರಲ್ಲಿ ವಿವರಿಸಿದ. ಎಡಸ್ವರ, ಬಲಸ್ವರ, ಚಂದ್ರಸ್ವರ, ಸೂರ್ಯಸ್ವರ ಎಂದು ನಮ್ಮ ಯೋಗಿಗಳೂ ಊರ ಹಿರಿಯರೂ ಇದನ್ನು ಅದಕ್ಕೂ ಮೊದಲಿನಿಂದಲೇ ಬಲ್ಲರು. ಯಾವ ಸ್ವರದಲ್ಲಿ ಪ್ರಯಾಣಕ್ಕೆ ಹೊರಟರೆ ಲಾಭ ಎಂಬ ಭಾಗವನ್ನು ಬಿಟ್ಟುಬಿಡೋಣ. ಉಸಿರು ಬದಿ ಬದಲಿಸುತ್ತದೆ ಎಂಬ ಗಮನಿಕೆ ಮಾತ್ರ ನೂರಕ್ಕೆ ನೂರು ಸರಿ.

ಆದರೆ ಶಸ್ತ್ರಕ್ರಿಯೆಯನ್ನು ಅಳೆಯುವವನಿಗೆ ಈ ಸರದಿ ದೊಡ್ಡ ಬಲೆ. ಎಡ ಹೊಳ್ಳೆ ಉಬ್ಬಿದ್ದ ಹೊತ್ತಿನಲ್ಲಿ ಮೊದಲ ಅಳತೆ ತೆಗೆದು, ಶಸ್ತ್ರಕ್ರಿಯೆಯ ನಂತರ ಅದು ಇಳಿದಿದ್ದ ಹೊತ್ತಿನಲ್ಲಿ ಎರಡನೆಯ ಅಳತೆ ತೆಗೆದರೆ, ಚಾಕು ಮುಟ್ಟಿಸದೆಯೇ ಗುಣವಾದಂತೆ ತೋರುತ್ತದೆ!

ಒತ್ತಡ ಮತ್ತು ಹರಿವು

ಮಂಜಿನ ಕಲೆ ಎರಡು ಹೊಳ್ಳೆಗಳನ್ನು ಹೋಲಿಸಬಲ್ಲದೇ ಹೊರತು ಎಷ್ಟು ಎಂಬುದಕ್ಕೆ ಸಂಖ್ಯೆ ಕೊಡಲಾರದು. ಸಂಖ್ಯೆ ಕೊಡುವ ವಿಧಾನದ ಹೆಸರು ರೈನೊಮ್ಯಾನೊಮೆಟ್ರಿ. ಹೆಸರು ಉದ್ದವಾಗಿದ್ದರೂ ಒಳಗಿರುವುದು ನೀವು ಭೌತಶಾಸ್ತ್ರದಲ್ಲಿ ಓದಿರುವ ಓಮನ ನಿಯಮದಂಥದೇ ಸಂಬಂಧ. ವಿದ್ಯುತ್ತಿನಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ ಸಿಗುತ್ತದಲ್ಲವೆ? ಇಲ್ಲಿ ಮೂಗಿನ ಹಿಂದಿನ ತುದಿಗೂ ಮುಂದಿನ ತುದಿಗೂ ಇರುವ ಒತ್ತಡದ ವ್ಯತ್ಯಾಸವನ್ನು ಗಾಳಿಯ ಹರಿವಿನಿಂದ ಭಾಗಿಸಿದರೆ ಮೂಗಿನ ರೋಧ ಸಿಗುತ್ತದೆ. ಮೂಗಿನಲ್ಲಿ ಗಾಳಿ ಸುಳಿಯುತ್ತ ಸಾಗುವುದರಿಂದ ಈ ರೋಧ ತಂತಿಯ ರೋಧದಂತೆ ಸ್ಥಿರವಲ್ಲ, ವೇಗ ಹೆಚ್ಚಿದಂತೆ ಬದಲಾಗುತ್ತದೆ. ಆದ್ದರಿಂದ ಎಲ್ಲರೂ ಒಂದೇ ಒತ್ತಡದಲ್ಲಿ ಓದಬೇಕಾಗುತ್ತದೆ.

ಮೂಗಿನ ಹಿಂಬದಿಯ ಒತ್ತಡವನ್ನು ತಿಳಿಯುವುದಕ್ಕೆ ಒಂದು ಜಾಣ ಉಪಾಯವಿದೆ. ಒಂದು ಹೊಳ್ಳೆಗೆ ಸಣ್ಣ ಕೊಳವೆ ಇಟ್ಟು ಗಾಳಿಯಾಡದಂತೆ ಪಟ್ಟಿಯಿಂದ ಮುಚ್ಚುತ್ತಾರೆ. ಆ ಬದಿಯಲ್ಲಿ ಗಾಳಿ ಹರಿಯುವುದಿಲ್ಲವಾದ್ದರಿಂದ, ಮೂಗಿನ ಹಿಂಭಾಗದಲ್ಲಿರುವ ಒತ್ತಡವೇ ಕೊಳವೆಯ ಬಾಯಲ್ಲಿಯೂ ಇರುತ್ತದೆ. ನಿಂತ ನೀರಿನ ಕೊಳವೆಯಲ್ಲಿ ಎರಡೂ ತುದಿಯ ಮಟ್ಟ ಒಂದೇ ಇರುವಂತೆ. ಮುಖಕ್ಕೆ ಮುಖವಾಡ ಹಾಕಿ, ಇನ್ನೊಂದು ಹೊಳ್ಳೆಯಿಂದ ಉಸಿರಾಡಿಸಿ ಹರಿವನ್ನು ಅಳೆಯುತ್ತಾರೆ. ಮುಚ್ಚಿದ ಹೊಳ್ಳೆ ತೆರೆದ ಹೊಳ್ಳೆಯ ಮಾಪಕವಾಗುತ್ತದೆ. ಬಳಿಕ ಬದಿ ಬದಲಿಸುತ್ತಾರೆ.

ಕಳೆದ ಶತಮಾನದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಳೆದು, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತಿಳಿಯದಂತಾಗಿತ್ತು. ಒಂದೂರಿನ ಸೇರು ಇನ್ನೊಂದೂರಿನಲ್ಲಿ ಸಲ್ಲದ ಹಾಗೆ. 1984ರಲ್ಲಿ ಬೆಲ್ಜಿಯಮ್ಮಿನ ಕ್ಲೆಮೆಂಟ್ ಅವರ ಮುಂದಾಳುತನದ ಅಂತಾರಾಷ್ಟ್ರೀಯ ಸಮಿತಿ, ರೋಧವನ್ನು 150 ಪ್ಯಾಸ್ಕಲ್ ಒತ್ತಡದಲ್ಲಿ ಓದಬೇಕೆಂದು ವರದಿ ಮಾಡಿತು. 150 ಪ್ಯಾಸ್ಕಲ್ ಎಂದರೆ ಬರೀ ಒಂದೂವರೆ ಸೆಂಟಿಮೀಟರ್ ನೀರು ನಿಂತಷ್ಟು ಒತ್ತಡ. ಇಷ್ಟು ಅಲ್ಪ ಬಲದ ಮೇಲೆ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ನಮ್ಮೊಳಗೆ ಹೋಗಿ ಬರುತ್ತದೆ.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಿಮ್ಮ ಅಭ್ಯಾಸಕ್ಕೆಂದು ನಾನು ಇಟ್ಟುಕೊಂಡವು. ಒಬ್ಬ ಹುಡುಗನ ಬಲ ಹೊಳ್ಳೆಯ ರೋಧ 0.4, ವಾಲಿದ ಗೋಡೆಯಿಂದಾಗಿ ಎಡ ಹೊಳ್ಳೆಯದು 1.2 ಎಂದಿರಲಿ. ಇದರ ಮಾನ ಪ್ರತಿ ಸೆಕೆಂಡಿಗೆ ಒಂದು ಘನ ಸೆಂಟಿಮೀಟರ್ ಗಾಳಿಗೆ ಇಷ್ಟು ಪ್ಯಾಸ್ಕಲ್ ಎಂಬುದು. 150 ಪ್ಯಾಸ್ಕಲ್ ಒತ್ತಡದಲ್ಲಿ ಬಲದಿಂದ ಸೆಕೆಂಡಿಗೆ 375, ಎಡದಿಂದ 125 ಘನ ಸೆಂಟಿಮೀಟರ್ ಗಾಳಿ ಸಾಗುತ್ತದೆ. ಎರಡೂ ಸಮಾಂತರ ದಾರಿಗಳಾದ್ದರಿಂದ ಒಟ್ಟು ರೋಧ 0.3. ಶಸ್ತ್ರಕ್ರಿಯೆಯ ನಂತರ ಎಡದ ರೋಧವೂ 0.4ಕ್ಕೆ ಇಳಿದರೆ ಒಟ್ಟು 0.2 ಆಗುತ್ತದೆ. ನೋಡಿ, ಎಡ ಹೊಳ್ಳೆಯ ಹರಿವು ಮೂರು ಪಟ್ಟಾಯಿತು, ಆದರೆ ಒಟ್ಟು ರೋಧ ಇಳಿದದ್ದು ಮೂರನೆಯ ಒಂದು ಪಾಲು ಮಾತ್ರ. ಒಟ್ಟು ಸಂಖ್ಯೆಯೊಂದನ್ನೇ ನೋಡಿದ ವೈದ್ಯನಿಗೆ ಸಾಧಾರಣವೆನಿಸುವ ಫಲ, ಆ ಬದಿಯಿಂದ ಉಸಿರೇ ಆಡದಿದ್ದ ಹುಡುಗನಿಗೆ ಅದ್ಭುತವೆನಿಸಬಹುದು. ಬದಿ ಬದಿಯಾಗಿ ಅಳೆಯಬೇಕೆನ್ನುವುದು ಇದಕ್ಕಾಗಿಯೇ.

ಸರದಿಯ ಬಲೆಯಿಂದ ತಪ್ಪಿಸಿಕೊಳ್ಳುವುದಕ್ಕೂ ದಾರಿ ಇದೆ. ಒಮ್ಮೆ ಹಾಗೆಯೇ ಅಳೆದು, ಬಳಿಕ ಪೊರೆಯ ಉಬ್ಬನ್ನು ಇಳಿಸುವ ಔಷಧದ ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಳೆಯುತ್ತಾರೆ. ಹನಿಯಿಂದ ರೋಧ ಚೆನ್ನಾಗಿ ಇಳಿದರೆ ತೊಂದರೆ ಪೊರೆಯದು, ಧೂಳಿನದು, ಅಲರ್ಜಿಯದು. ಇಳಿಯದಿದ್ದರೆ ಎಲುಬಿನದು, ಮೃದ್ವಸ್ಥಿಯದು. ಜಿನ್ನಿನ ಧೂಳಿನಿಂದ ಊದಿಕೊಂಡ ಮೂಗಿಗೆ ನಡುಗೋಡೆಯ ಶಸ್ತ್ರಕ್ರಿಯೆ ಮಾಡಿದರೆ ಫಲವೇನು? ಮೊದಲೇ ಅಳೆಯುವುದರಿಂದ ಇಂಥ ವ್ಯರ್ಥ ಶಸ್ತ್ರಕ್ರಿಯೆ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಈ ಯಂತ್ರದ ನಿಜವಾದ ಉಪಕಾರ ಇಲ್ಲಿದೆ. (ಅಂಗಡಿಯಲ್ಲಿ ಸಿಗುವ ಆ ಹನಿಯನ್ನು ನೀವಾಗಿಯೇ ದಿನಗಟ್ಟಲೆ ಹಾಕಿಕೊಳ್ಳಬೇಡಿ. ರೂಢಿಯಾದರೆ ಹನಿಯೇ ಮೂಗು ಕಟ್ಟಿಸುತ್ತದೆ.)

ಈ ಯಂತ್ರ ದುಬಾರಿ, ಕಲಿತ ಕೈ ಬೇಡುತ್ತದೆ. ಇದಕ್ಕಿಂತ ಸುಲಭವಾದ ಒಂದು ಉಪಕರಣವನ್ನು 1980ರಲ್ಲಿ ಇಂಗ್ಲೆಂಡಿನ ಯೂಲ್ಟನ್ ಬಳಕೆಗೆ ತಂದರು. ಮುಖವಾಡಕ್ಕೆ ಜೋಡಿಸಿದ ಒಂದು ಕೊಳವೆ, ಅದರಲ್ಲಿ ಜಾರುವ ಸೂಚಿ. ಬಾಯಿ ಮುಚ್ಚಿ ಮೂಗಿನಿಂದ ಬಲವಾಗಿ ಒಂದೇ ಸಲ ಉಸಿರೆಳೆದರೆ ಸೂಚಿ ನಿಮಿಷಕ್ಕೆ ಎಷ್ಟು ಲೀಟರ್ ಎಂಬಲ್ಲಿ ನಿಲ್ಲುತ್ತದೆ. ಮೂರು ಸಲ ಎಳೆಸಿ ಹೆಚ್ಚಿನದನ್ನು ಬರೆದುಕೊಳ್ಳುತ್ತಾರೆ. ಕರೆಂಟು ಬೇಡ, ಕಂಪ್ಯೂಟರ್ ಬೇಡ. ತಾಲ್ಲೂಕು ಆಸ್ಪತ್ರೆಗೆ ಹೊಂದುವಂಥದ್ದು. 1989ರಲ್ಲಿ ಡೆನ್ಮಾರ್ಕಿನ ಹಿಲ್ಬರ್ಗ್ ಮತ್ತು ಸಂಗಡಿಗರು ಶಬ್ದದ ಅಲೆಯನ್ನು ಮೂಗಿನೊಳಗೆ ಕಳಿಸಿ, ಮರುದನಿಯಿಂದ ಒಳಗಿನ ಅಗಲವನ್ನು ತಿಳಿಯುವ ವಿಧಾನ ತಂದರು. ಅದು ಅಳೆಯುವುದು ದಾರಿಯ ಅಗಲವನ್ನು, ಗಾಳಿಯ ಹರಿವನ್ನಲ್ಲ.

ಯಂತ್ರ ಒಂದು ಹೇಳಿದರೆ ಮೂಗು ಒಂದು ಹೇಳಿತು

ಇಷ್ಟೆಲ್ಲ ಆದ ಮೇಲೆ ಪ್ರಶ್ನೆ ಬಗೆಹರಿಯಬೇಕಿತ್ತು. ಬಗೆಹರಿಯಲಿಲ್ಲ. ಸಂಖ್ಯೆ ಸುಧಾರಿಸಿದ್ದರೂ ರೋಗಿ ಇನ್ನೂ ಕಟ್ಟಿದೆ ಎನ್ನುತ್ತಿದ್ದ. ಸಂಖ್ಯೆ ಕದಲದಿದ್ದರೂ ಇನ್ನೊಬ್ಬ ಹಾಯಾಗಿದೆ ಎನ್ನುತ್ತಿದ್ದ. ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ನಡೆಸಿದ ಒಂದು ಪರಿಶೀಲನೆ, ಅಳತೆಗೂ ಅನುಭವಕ್ಕೂ ಇರುವ ಸಂಬಂಧ ನೆಚ್ಚುವಂಥದಲ್ಲ ಎಂದಿತು. ಬದಿ ಬದಿಯಾಗಿ ಅಳೆದಾಗ ಮಾತ್ರ ಅದು ಕೊಂಚ ಉತ್ತಮ.

ಕಾರಣ ತಿಳಿಯಬೇಕಾದರೆ ಒಂದು ಪೆಪ್ಪರಮಿಂಟು ಬಾಯಿಗೆ ಹಾಕಿಕೊಳ್ಳಿ. ಕಟ್ಟಿದ ಮೂಗು ತೆರೆದಂತಾಗುತ್ತದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೊನಾಲ್ಡ್ ಎಕ್ಲ್ಸ್ 1980ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಮೆಂಥಾಲಿನ ವಾಸನೆ ತೆಗೆದುಕೊಂಡವರು ಉಸಿರು ಸಲೀಸಾಯಿತು ಎಂದರು, ಆದರೆ ಮೂಗಿನ ರೋಧ ಇಳಿದಿರಲಿಲ್ಲ! ಮೂಗಿಗೆ ಗಾಳಿಯ ಪ್ರಮಾಣ ನೇರವಾಗಿ ತಿಳಿಯುವುದಿಲ್ಲ. ಗಾಳಿ ಹಾದುಹೋಗುವಾಗ ಒಳಪೊರೆ ತಂಪಾಗುತ್ತದೆ, ಆ ತಂಪನ್ನು ನರಗಳು ಮಿದುಳಿಗೆ ಮುಟ್ಟಿಸುತ್ತವೆ. ಮೆಂಥಾಲು ಅದೇ ನರಗಳನ್ನು ಕೆಣಕಿ ಸುಳ್ಳು ತಂಪನ್ನು ಕೊಡುತ್ತದೆ. ಆ ನರಗಳಲ್ಲಿರುವ, ತಂಪನ್ನೂ ಮೆಂಥಾಲನ್ನೂ ಗುರುತಿಸುವ ಗ್ರಾಹಕವನ್ನು 2002ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು.

ಇದರ ಕಹಿ ಮುಖವೂ ಇದೆ. ದಾರಿ ಅಗಲವಾದಷ್ಟೂ ಒಳ್ಳೆಯದೆಂದು ತಿಳಿದ ಕಾಲದಲ್ಲಿ ಕೆಲವು ವೈದ್ಯರು ಮೂಗಿನೊಳಗಿನ ಸುರುಳಿ ಎಲುಬುಗಳನ್ನು ಪೊರೆಸಮೇತ ಧಾರಾಳವಾಗಿ ಕತ್ತರಿಸಿ ತೆಗೆದರು. ಅಂಥವರಲ್ಲಿ ಕೆಲವರು ವರ್ಷಗಳ ನಂತರ ಉಸಿರುಕಟ್ಟುತ್ತದೆ ಎಂದು ಆಸ್ಪತ್ರೆಗೆ ಬಂದರು. ಅಳೆದರೆ ರೋಧ ತೀರ ಕಡಿಮೆ, ಗಾಳಿ ಹೊಳೆಯಂತೆ ಹರಿಯುತ್ತಿದೆ. ಯಂತ್ರದ ಪ್ರಕಾರ ಅವರದು ಅತ್ಯುತ್ತಮ ಮೂಗು. ತಂಪನ್ನು ತಿಳಿಯಬೇಕಾದ ಪೊರೆಯೇ ಇಲ್ಲದ್ದರಿಂದ ಅವರಿಗೆ ಉಸಿರಾಡಿದ್ದೇ ತಿಳಿಯುತ್ತಿರಲಿಲ್ಲ. ಗಾಳಿ ಬಿಸಿಯಾಗದೆ, ತೇವವಾಗದೆ ಒಳಗೆ ನುಗ್ಗಿ ಹಕ್ಕಳೆ ಕಟ್ಟುತ್ತಿತ್ತು. ಬಹಳ ದಿನ ಇವರ ದೂರನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದವರೇ ಹೆಚ್ಚು. 1994ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಕರ್ನ್ ಮತ್ತು ಸ್ಟೆನ್‌ಕ್ವಿಸ್ಟ್ ಇದಕ್ಕೆ ‘ಖಾಲಿ ಮೂಗು’ ಎಂಬರ್ಥದ ಹೆಸರು ಕೊಟ್ಟರು.

ಈಗ ಕಾವಸಜಿಯನ್ನು ಮತ್ತೊಮ್ಮೆ ನೆನೆಯಿರಿ. ಮೂಗು ಕೊಯ್ಸಿಕೊಂಡು, ಹೊಸ ಮೂಗಿಲ್ಲದೆ ಒಂದು ವರ್ಷ ತಿರುಗಿದವನು ಅವನು. ಮೂಗಿನ ರೋಧದಲ್ಲಿ ದೊಡ್ಡ ಪಾಲು ಹುಟ್ಟುವುದು ಹೊಳ್ಳೆಯಿಂದ ಸ್ವಲ್ಪವೇ ಒಳಗಿರುವ ಇಕ್ಕಟ್ಟಿನಲ್ಲಿ. ಗಾಯ ಮಾಯುತ್ತ ರಂಧ್ರ ಕುಗ್ಗದೆ ಉಳಿದಿದ್ದರೆ, ಆ ಇಕ್ಕಟ್ಟು ಕತ್ತಿಯೊಂದಿಗೇ ಹೋದ ಅವನ ಮುಖಕ್ಕೆ ಇಂದಿನ ಯಂತ್ರ ಹಚ್ಚಿದವರು ಬಹಳ ಒಳ್ಳೆಯ ಹರಿವು ಎಂದೇ ಬರೆದುಕೊಳ್ಳುತ್ತಿದ್ದರು. ಮೂಗನ್ನು ಕಟ್ಟಿಸಿಕೊಂಡ ಮೇಲೆ ರೋಧ ಹೆಚ್ಚಾಗಿ, ಫಲ ಕೆಟ್ಟದ್ದು ಎಂದು ಕಾಣುತ್ತಿತ್ತು.

ಆದ್ದರಿಂದ ಈಗ ವೈದ್ಯರು ಮೂರನೆಯ ಸಾಕ್ಷಿಯನ್ನೂ ಅಳತೆಗೆ ಒಳಪಡಿಸಿದ್ದಾರೆ. 2004ರಲ್ಲಿ ಅಮೆರಿಕದಲ್ಲಿ ಸ್ಟುವರ್ಟ್ ಮತ್ತು ಸಂಗಡಿಗರು ಐದೇ ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಮೂಗು ಬಿಗಿದಂತಿದೆಯೆ, ಕಟ್ಟುತ್ತದೆಯೆ, ಮೂಗಿನಿಂದ ಉಸಿರಾಡುವುದು ಕಷ್ಟವೆ, ನಿದ್ದೆಗೆ ತೊಂದರೆಯೆ, ದುಡಿಯುವಾಗ ಸಾಕಷ್ಟು ಗಾಳಿ ಸಿಗದೆ ಹೋಗುತ್ತದೆಯೆ ಎಂದು ಕೇಳಿ, ಉತ್ತರಗಳಿಗೆ ಅಂಕ ಕೊಟ್ಟು 0ಯಿಂದ 100ರ ವರೆಗೆ ಲೆಕ್ಕ ಹಾಕುತ್ತಾರೆ. ಶಸ್ತ್ರಕ್ರಿಯೆಗೆ ಮೊದಲೊಮ್ಮೆ, ಬಾವು ಇಳಿದು ಕೆಲವು ತಿಂಗಳಾದ ಮೇಲೆ ಇನ್ನೊಮ್ಮೆ. ಬೆಳಗಾವಿಗೋ ಹುಬ್ಬಳ್ಳಿಗೋ ತೋರಿಸಲು ಹೋಗುವ ಮುಂಚೆ ಈ ಐದಕ್ಕೆ ನಿಮ್ಮ ಉತ್ತರವನ್ನು ತಾರೀಖು ಹಾಕಿ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದಕ್ಕೆ ಯಾವ ಖರ್ಚೂ ಇಲ್ಲ. ಮನುಷ್ಯನಿಗೆ ತನ್ನ ಹಳೆಯ ಉಸಿರು ಬೇಗ ಮರೆತುಹೋಗುತ್ತದೆ.

ನಡುಗೋಡೆಯ ಶಸ್ತ್ರಕ್ರಿಯೆಯಿಂದ ನಿಜಕ್ಕೂ ಪ್ರಯೋಜನವಿದೆಯೆ ಎಂಬುದನ್ನು ಎರಡು ದೊಡ್ಡ ಪರೀಕ್ಷೆಗಳು ಇತ್ತೀಚೆಗೆ ನೋಡಿವೆ. ನೆದರ್‌ಲ್ಯಾಂಡಿನಲ್ಲಿ 203 ಜನ, ಬ್ರಿಟನ್ನಿನಲ್ಲಿ 378 ಜನ. ಕೆಲವರಿಗೆ ಶಸ್ತ್ರಕ್ರಿಯೆ, ಉಳಿದವರಿಗೆ ಅದಿಲ್ಲದ ಚಿಕಿತ್ಸೆ, ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. 2019ರಲ್ಲಿ ಮೊದಲನೆಯದರ, 2023ರಲ್ಲಿ ಎರಡನೆಯದರ ಫಲಿತಾಂಶ ಪ್ರಕಟವಾಯಿತು. ಎರಡರಲ್ಲಿಯೂ ಶಸ್ತ್ರಕ್ರಿಯೆ ಮಾಡಿಸಿಕೊಂಡವರೇ ಹೆಚ್ಚು ಸುಧಾರಿಸಿದ್ದರು. ಬ್ರಿಟನ್ನಿನ ಪರೀಕ್ಷೆಯಲ್ಲಿ ತೊಂದರೆಯನ್ನು 22 ಪ್ರಶ್ನೆಗಳಿಂದ, 110 ಅಂಕಗಳಿಗೆ ಅಳೆದರು. ಆರು ತಿಂಗಳ ನಂತರ ಔಷಧ ಪಡೆದವರ ಸರಾಸರಿ 39.5, ಶಸ್ತ್ರಕ್ರಿಯೆ ಆದವರದು 19.9. ಎರಡು ಪರೀಕ್ಷೆಗಳೂ ಮೂಗಿನ ಗಾಳಿಯ ಹರಿವನ್ನು ಅಳೆದಿದ್ದವು. ಆದರೆ ಗೆಲುವು ಸೋಲನ್ನು ನಿರ್ಧರಿಸುವ ಮುಖ್ಯ ಅಳತೆಯಾಗಿ ಅವರು ಮೊದಲೇ ಗೊತ್ತುಮಾಡಿಕೊಂಡಿದ್ದದ್ದು ರೋಗಿಗಳ ಉತ್ತರಗಳನ್ನು. ಗಾಳಿಯ ಸಂಖ್ಯೆಗೆ ಅವರು ಕೊಟ್ಟದ್ದು ಎರಡನೆಯ ಸಾಲಿನ ಜಾಗ.